ಅಕ್ಕನ ಬಾಣಂತನದ ಕೋಳಿಗಳು

ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಪುಟದ ಎಡಬದಿಗೆ ತಾರೀಕು, ಬಲಬದಿಗೆ ಕೋಳಿಗಳ ಲೆಕ್ಕ. ಒಂಬತ್ತನೇ ತರಗತಿಯಲ್ಲಿ ಹಿಡಿದ ಈ ಚಟ ಕುಮಟೆಯ ಕಾಲೇಜು ಸೇರಿದರೂ ಬಿಟ್ಟಿಲ್ಲ. ಈಗ ತಪ್ಪಿಹೋದ ಬಸ್ಸುಗಳನ್ನು ಬರೆದಿಡುತ್ತೇನೆ. ಆ ವರ್ಷದ ಪುಟಗಳು ಹೀಗಿವೆ: ‘ಸೋಮವಾರ. ಮೊಟ್ಟೆ ಐದು. ಗಿಡುಗ ಒಂದು ಮರಿ ಒಯ್ದಿತು.’ ‘ಗುರುವಾರ. ಮೊಟ್ಟೆ ಎರಡೇ. ಕೆಂಪು ಹ್ಯಾಟೆ ಕಟ್ಟಿಗೆ ರಾಶಿಯೊಳಗೆ ಕದ್ದು ಇಡುತ್ತಿದೆ.’ ‘ಶನಿವಾರ. ಮುಂಗುಸಿ ಬಂದಿತ್ತು. ಗೂಡಿನ ಹಲಗೆಗೆ ನಾಲ್ಕು ಮೊಳೆ ಹೊಡೆದೆ.’

ನಮ್ಮ ಮನೆ ಹೊನ್ನಾವರದ ಹತ್ತಿರ, ಸಮುದ್ರಕ್ಕೆ ಬೆನ್ನು ಹಾಕಿಕೊಂಡಿತ್ತು. ಅಪ್ಪ ದೋಣಿಗೆ ಹೋಗುತ್ತಿದ್ದರು. ಅಮ್ಮ ಮೀನಿಗೆ ಉಪ್ಪು ಹಾಕಿ ಒಣಗಿಸಿ ಕುಮಟೆ ಸಂತೆಗೆ ಒಯ್ಯುತ್ತಿದ್ದಳು. ಕೋಳಿಗಳೂ ಅವಳವೇ. ಆದರೆ ಆ ವರ್ಷ ಅವಳು ಒಂದು ಮೊಟ್ಟೆಯನ್ನೂ ಮಾರಲಿಲ್ಲ. ಭಟ್ಕಳದ ಪಕ್ಕದ ಜಾಲಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಫೆಬ್ರವರಿಯಲ್ಲಿ ಮನೆಗೆ ಬರುವವಳಿದ್ದಳು. ಬಾಣಂತಿಗೆ ನಲವತ್ತು ದಿನ ಕಾಳುಮೆಣಸು ಹಾಕಿದ ಊರಕೋಳಿ ಸಾರು ಆಗಲೇಬೇಕು. ಹಿಂದಿನ ವರ್ಷ ಕೋಳಿಜಡ್ಡು ಬಂದು ಕೇರಿಯ ಗೂಡುಗಳೆಲ್ಲ ವಾರದೊಳಗೆ ಖಾಲಿಯಾಗಿದ್ದವು. ಅಮ್ಮ ತವರಿನಿಂದ ಮೂರು ಹ್ಯಾಟೆ ತಂದು, ಕಾವಿಗೆ ಕೂರಿಸಿ, ಜನವರಿಯ ಹೊತ್ತಿಗೆ ಹದಿನಾರು ಮಾಡಿದ್ದಳು. ‘ಮಗಳು ಬಂದಾಗ ಕೋಳಿಗೆ ಬೇರೆಯವರ ಮನೆ ಬಾಗಿಲಿಗೆ ಹೋಗೂದು ಬ್ಯಾಡ’ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಇನ್ನೂ ಮೊಟ್ಟೆ ಇಡದ ಒಂದು ಪಡ್ಡೆಕೋಳಿ ಸತ್ತು ಬಿದ್ದಿತ್ತು. ಏಳು ಕೋಳಿಗಳು ಕುಡಿದವರ ಹಾಗೆ ಓಲಾಡುತ್ತ ಹೊರಗೆ ಬಂದು ಅಂಗಳದಲ್ಲಿ ಕುಸಿದವು. ಹಿಕ್ಕೆ ನೀರುನೀರು. ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಅಮ್ಮ ಕೈಯಲ್ಲಿದ್ದ ಪೊರಕೆಯನ್ನು ಕೆಳಗಿಡುವುದನ್ನೂ ಮರೆತು ನಿಂತಳು.

ಬೇಲಿಯಾಚೆಯ ಮನೆಯವರನ್ನು ನಾನು ಅತ್ತೆ ಎಂದು ಕರೆಯುತ್ತಿದ್ದೆ. ಎರಡೂ ಅಂಗಳದ ನಡುವೆ ಹಳೆಯ ಮೀನುಬಲೆಯನ್ನೇ ಬೇಲಿಯಾಗಿ ಕಟ್ಟಿತ್ತು. ಅತ್ತೆ ಬಲೆಗೆ ಮೂಗು ಆನಿಸಿ ನೋಡಿದರು.

‘ಜಡ್ಡೇ ಮಾರಾಯ್ತಿ. ಹೋದ ವರ್ಷದ್ದೇ. ಎಲ್ಲಾ ಕೊಯ್ದು ಹುಗ್ದುಬಿಡು, ನಮ್ಮದಕ್ಕೂ ಹಿಡಿಸ್ಬ್ಯಾಡ.’

‘ಹದಿನೈದೂ ಕೊಯ್ಯೂದಾ?’

‘ಮತ್ತೆಂತ, ಅವಕ್ಕೆ ಕಷಾಯ ಮಾಡಿ ಕೊಡ್ತ್ಯಾ? ನನ್ನ ಒಂಬತ್ತು ಸತ್ರೆ ನೀ ಕೊಡ್ತ್ಯಾ?’

ನೀರಿನಿಂದಲೇ ಜಡ್ಡು ಹರಡುತ್ತದೆಂದು ಅತ್ತೆ ಹೇಳಿದ್ದಕ್ಕೆ ಅಮ್ಮ ಅಂಗಳದ ನೀರಿನ ಮರಿಗೆಯನ್ನು ಕವುಚಿ ಹಾಕಿದಳು. ಕೋಳಿಗಳು ತೆವಳಿಕೊಂಡು ಹೋಗಿ ಆ ಒದ್ದೆ ನೆಲವನ್ನೇ ಕುಕ್ಕತೊಡಗಿದವು. ಅಪ್ಪ ದೋಣಿಯಿಂದ ಬರುವವರೆಗೆ ಕಾಯೋಣ ಎಂದಷ್ಟೇ ಅಮ್ಮ ಹೇಳಿದಳು. ಅಪ್ಪ ಬರುವುದು ಮಧ್ಯಾಹ್ನಕ್ಕೆ.

ನಾನು ಅಂದು ಶಾಲೆ ತಪ್ಪಿಸಿದೆ. ಓಲಾಡುತ್ತಿದ್ದ ಒಂದು ಹ್ಯಾಟೆಯನ್ನು ಮೀನುಬುಟ್ಟಿಯಲ್ಲಿ ಮುಚ್ಚಿಕೊಂಡು, ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಪೇಟೆಯ ದನದ ಆಸ್ಪತ್ರೆಗೆ ನಡೆದೆ. ಒಂದೂವರೆ ಮೈಲಿ. ಅಲ್ಲಿ ನನ್ನ ಮುಂದೆ ಇದ್ದದ್ದು ಒಂದೇ ಎಮ್ಮೆ, ಆದರೆ ಅದು ಬಹಳ ಹೊತ್ತು ಹಿಡಿಯಿತು.

ಡಾಕ್ಟರು ಬಯಲುಸೀಮೆಯ ಕಡೆಯವರು. ಕೋಳಿಯ ಬಾಯಿ ಬಿಡಿಸಿದರು, ಕುತ್ತಿಗೆಯ ಕೆಳಗಿನ ಚೀಲ ಒತ್ತಿದರು. ‘ಎಷ್ಟು ದಿನದಿಂದ?’

‘ನಿನ್ನೆ ಸಂಜೆ ಗೂಡಿಗೆ ಹೋದವೆಲ್ಲ ನೆಟ್ಟಗಿದ್ದವು ಸರ್. ಬರೆದುಕೊಂಡಿದ್ದೇನೆ.’

ಅವರು ನಕ್ಕರು. ‘ಹಾಗಾದರೆ ಓದು. ಯಾವುವು ಬಿದ್ದಿವೆ, ಯಾವುವು ಬಿದ್ದಿಲ್ಲ?’

ನಾನು ಓದಿದೆ. ಅಡುಗೆಮನೆಯ ಮೂಲೆಯಲ್ಲಿ ಕಾವಿಗೆ ಕೂತ ಎರಡೂ ಚೆನ್ನಾಗಿವೆ. ಕಾಲು ಉಳುಕಿ ಬುಟ್ಟಿಯಡಿ ಇಟ್ಟದ್ದೂ ಚೆನ್ನಾಗಿದೆ. ಬಲೆಯಾಚೆಯ ಒಂಬತ್ತಕ್ಕೂ ಏನೂ ಆಗಿಲ್ಲ. ಬಿದ್ದವೆಲ್ಲ ನಮ್ಮ ಅಂಗಳದಲ್ಲಿ ಮೇಯ್ದವೇ.

‘ನೀರು ಕುಡಿಯುವುದು ಬಿಟ್ಟಿವೆಯೋ, ಬೇಕು ಅನ್ನುತ್ತಿವೆಯೋ?’

‘ಒದ್ದೆ ಮಣ್ಣು ಕುಕ್ಕುತ್ತಿವೆ ಸರ್.’

‘ನಿನ್ನೆ ಅಂಗಳದಲ್ಲಿ ಹೊಸದಾಗಿ ಏನು ಚೆಲ್ಲಿದ್ದೀರಿ?’

ಶುಕ್ರವಾರದ ಸಾಲು ಕಣ್ಣಿಗೆ ಬಿತ್ತು. ನನ್ನದೇ ಅಕ್ಷರ: ‘ಬಂಗಡೆಯ ಪೀಪಾಯಿ ಖಾಲಿ ಮಾಡಿದ್ದು. ಅಡಿಯ ಉಪ್ಪು ಎರಡು ಬುಟ್ಟಿ, ತೆಂಗಿನ ಬುಡಗಳಿಗೆ.’ ತೆಂಗಿಗೆ ಉಪ್ಪು ಹಾಕುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಪ್ರತಿ ವರ್ಷ ಅಮ್ಮ ಗುಂಡಿ ತೋಡಿ, ಹಾಕಿ, ಮಣ್ಣು ಮುಚ್ಚುತ್ತಿದ್ದಳು. ಈ ಸಲ ಹಾಕಲು ನನಗೆ ಹೇಳಿದಳು. ನಾನು ಮುಚ್ಚಿರಲಿಲ್ಲ. ಮೀನಿನ ಚೂರು ಹತ್ತಿದ ಹರಳು ಉಪ್ಪು ನಿನ್ನೆಯಿಂದ ಬಯಲಲ್ಲೇ ಬಿದ್ದಿತ್ತು. ಆ ಸಾಲನ್ನೂ ಓದಿದೆ.

‘ಉಪ್ಪು ಹೊಟ್ಟೆಗೆ ಹೋಗಿದೆ’ ಎಂದರು ಡಾಕ್ಟರು. ‘ಜಡ್ಡು ಅನ್ನಿಸುತ್ತಿಲ್ಲ. ಒಳ್ಳೆ ನೀರು ಕೊಡಿ. ಆದರೆ ಪಾತ್ರೆ ಇಟ್ಟುಬಿಡಬೇಡಿ, ಒಮ್ಮೆಲೇ ಕುಡಿದರೂ ಸಾಯುತ್ತವೆ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಓಡು!’

ಓಡಿದೆ. ಬುಟ್ಟಿಯೊಳಗಿನ ಕೋಳಿಗೆ ಆ ದಾರಿಯೇ ದೊಡ್ಡ ಶಿಕ್ಷೆಯಾಗಿರಬೇಕು. ಮನೆ ಮುಟ್ಟಿದಾಗ ಅಂಗಳದಲ್ಲಿ ಅಪ್ಪ ಗುಂಡಿ ತೋಡುತ್ತಿದ್ದರು. ಇನ್ನೊಂದು ಕೋಳಿ ತಾನಾಗಿ ಸತ್ತಿತ್ತು. ಒಂದನ್ನು ಅತ್ತೆ ಕೊಯ್ದಾಗಿತ್ತು. ಎರಡನೆಯದರ ರೆಕ್ಕೆ ಅವರ ಕೈಯಲ್ಲಿತ್ತು.

‘ಬಿಡಿ ಅತ್ತೆ! ಅದು ಉಪ್ಪು! ನಾನೇ ಹಾಕಿದ್ದು, ಮಣ್ಣು ಮುಚ್ಚಲಿಲ್ಲ!’ ಎಂದು ಕೂಗಿ ಅಳತೊಡಗಿದೆ.

ಅಮ್ಮ ತೆಂಗಿನ ಬುಡಕ್ಕೆ ಹೋಗಿ ಕೂತು, ಬೆರಳಿನಿಂದ ಮಣ್ಣು ಕೆದಕಿ ನೋಡಿದಳು. ಪೆಟ್ಟು ಬೀಳುತ್ತದೆಂದು ನಾನು ಕಾಯುತ್ತಿದ್ದೆ. ಅವಳು ಎದ್ದು ಸೀದಾ ಬಾವಿಗೆ ಹೋಗಿ ಕೊಡ ಇಳಿಸಿದಳು. ‘ಮುಚ್ಚು ಅಂತ ನಾನೂ ಹೇಳ್ಲಿಲ್ಲ ನಿಂಗೆ. ಅಳೂದು ಆತಾ? ಚಮಚ ತಕಂಬಾ.’

ಅತ್ತೆ ಹಿಡಿದ ಕೋಳಿಯನ್ನು ಬಿಡಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಕೂತರು. ‘ಕೊಡೇ ಇಲ್ಲಿ ಒಂದು ಚಮಚ. ಕೊಯ್ದವ್ಳ ಕೈಯಿಂದ ಕುಡೀತದೋ ಇಲ್ವೋ ನೋಡ್ವ.’

ಕುಡಿಯಿತು. ಅಪ್ಪ ಅರ್ಧ ತೋಡಿದ ಗುಂಡಿಗೆ ತೆಂಗಿನ ಬುಡದ ಉಪ್ಪನ್ನೆಲ್ಲ ಕೆರೆದು ತಂದು ಸುರಿದು, ಮೇಲೆ ಮಣ್ಣು ಎಳೆದು, ಕಾಲಿನಿಂದ ತುಳಿದರು. ನಾನು ಪ್ರತಿ ಕೋಳಿಯ ಕಾಲಿಗೆ ಬೇರೆಬೇರೆ ಬಣ್ಣದ ದಾರ ಕಟ್ಟಿ, ಯಾವುದಕ್ಕೆ ಎಷ್ಟು ಹೊತ್ತಿಗೆ ನೀರು ಎಂದು ಗೆರೆ ಎಳೆದು ಬರೆಯುತ್ತ ಹೋದೆ. ಭಾನುವಾರ ಎಲ್ಲವೂ ಎದ್ದು ನಿಂತವು, ಒಂದಕ್ಕೆ ಮಾತ್ರ ನಡೆಯಲು ಬರಲಿಲ್ಲ. ಸೋಮವಾರ ಅದೂ ಕುಂಟುತ್ತ ಹೋಗಿ ಅತ್ತೆಯ ಕಾಲು ಕುಕ್ಕಿತು. ‘ಹಾಳಾದ್ದೇ, ನೀರು ಕೊಟ್ಟದ್ದು ಮರ್ತೋತಾ!’ ಎಂದು ಅತ್ತೆ ಬೈದದ್ದು ಬೀದಿಗೆಲ್ಲ ಕೇಳಿತು.

ಆ ಸೋಮವಾರದ ಸಾಲು: ‘ಸತ್ತದ್ದು ಎರಡು. ಕೊಯ್ದದ್ದು ಒಂದು. ಉಳಿದದ್ದು ಹದಿಮೂರು. ಮೊಟ್ಟೆ ಇಲ್ಲ.’ ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು. ಹದಿಮೂರು ಸಾಕು, ಧಾರಾಳ ಸಾಕು ಎಂದಳು. ಆಮೇಲೆ ಜಗಲಿಯ ಮೇಲೆ ಸೆರಗು ಹಾಸಿ, ಒಣಹಾಕಿದ ಮೀನಿನ ಮೇಲೆ ಕಾಗೆ ಕೂತದ್ದೂ ತಿಳಿಯದಂತೆ, ಹಾಡಹಗಲೇ ನಿದ್ದೆಹೋದಳು. ಕಾಗೆಗಳನ್ನು ನಾನು ಓಡಿಸಿದೆ, ಸದ್ದಾಗದ ಹಾಗೆ.