ಚಿಕ್ಕಪ್ಪ ಗೆಲಾಕ್ಸಿ ಬಿಡಿಸುತ್ತಿದ್ದ ಅಂಗಳ

ಬಿಸಿಲಿಗೆ ಹರಡಿದ ಕಾಫಿ ಹಣ್ಣು ಎರಡು ಮೂರು ದಿನಕ್ಕೆ ಹುಳಿತು ಒಂದು ವಾಸನೆ ಬಿಡುತ್ತದೆ, ಅರ್ಧ ಬೆಲ್ಲದ್ದು, ಅರ್ಧ ಕೊಳೆತದ್ದು. ಅದು ಎಲ್ಲಿ ಮೂಗಿಗೆ ಬಡಿದರೂ ಕಲ್ಲೂರಿನ ಹತ್ತಿರವಿದ್ದ ನಮ್ಮ ಮನೆಯ ಅಂಗಳ ಕಣ್ಣೆದುರು ಬರುತ್ತದೆ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಕನ್ನಡ ಸೀಮೆಯಿಂದ ವಯನಾಡಿಗೆ ಬಂದು ಗದ್ದೆ ಮಾಡಿಕೊಂಡ ಜೈನರು, ಊರವರ ಬಾಯಲ್ಲಿ ಗೌಡರು. ಶಾಲೆಯಲ್ಲಿ ಮಲಯಾಳ, ಒಲೆಯ ಮುಂದೆ ಕನ್ನಡ. ಗದ್ದೆ, ಕಾಫಿ, ಮೆಣಸು ಅಪ್ಪನ ಪಾಲಿಗೆ. ಅವರ ತಮ್ಮ ಪದ್ಮರಾಜ ಚಿಕ್ಕಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು, ಊರ ಮಲಯಾಳದಲ್ಲಿ ಮಾಷು. ಮದುವೆಯಾಗಿರಲಿಲ್ಲ. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ನಾನು, ಎಲ್ಲರೂ ಒಂದೇ ಒಲೆಯ ಅನ್ನ ಉಣ್ಣುತ್ತಿದ್ದೆವು.

ನಮ್ಮ ಗದ್ದೆಯಂಚಿನ ಗುಡಿಸಲುಗಳಲ್ಲಿ ಕೆಲಸದ ಕಾಡುಜನರಿದ್ದರು, ಅವರ ಮಾತು ನಮ್ಮ ಕನ್ನಡಕ್ಕೇ ಹತ್ತಿರ. ಪಾಠದ ಮಲಯಾಳ ಅರ್ಥವಾಗದೆ ಅವರ ಮಕ್ಕಳು ಶಾಲೆ ಬಿಟ್ಟುಬಿಡುತ್ತಿದ್ದರು. ಚಿಕ್ಕಪ್ಪ ಭಾನುವಾರ ಮಧ್ಯಾಹ್ನ ಕಾಫಿ ಹಣ್ಣನ್ನು ಒಂದು ಬದಿಗೆ ಎಳೆಸಿ, ಆ ಮಕ್ಕಳನ್ನೂ ನನ್ನನ್ನೂ ಒಟ್ಟಿಗೆ ಕೂರಿಸಿ ಕನ್ನಡದಲ್ಲಿ ಪಾಠ ಹೇಳುತ್ತಿದ್ದರು. ಸಗಣಿ ಸಾರಿಸಿದ ಕಪ್ಪು ನೆಲವೇ ಆಕಾಶ, ಹಿಡಿ ಅಕ್ಕಿಹಿಟ್ಟೇ ನಕ್ಷತ್ರ. ಕೋಟಿ ಕೋಟಿ ನಕ್ಷತ್ರಗಳು ಒಂದಾಗಿ ನಿಂತ ಗುಂಪಿಗೆ ಗೆಲಾಕ್ಸಿ ಎನ್ನುತ್ತಾರೆ, ಅಂಥವೂ ಲೆಕ್ಕವಿಲ್ಲದಷ್ಟಿವೆ, ಖಗೋಳದವರು ಅವುಗಳ ಆಕಾರ ನೋಡಿ ವಿಂಗಡಿಸುತ್ತಾರೆ ಎಂದು ಹೇಳಿ, ಮೊದಲನೆಯದು ಮೊಟ್ಟೆಯ ಹಾಗೆ ಎನ್ನುವಷ್ಟರಲ್ಲಿ ಜಗಲಿಯಿಂದ ಅಜ್ಜಿ, “ಏ ಪದ್ಮ, ಈ ಅಂಗಳದಲ್ಲಿ ಆ ಹೆಸರೆತ್ತಬೇಡ” ಎಂದು ಗದರಿದರು. ಆಮೇಲೆ ಅದು ಹಲಸಿನ ಬೀಜವಾಯಿತು. ಎರಡನೆಯದು ತೋಳು ಚಾಚಿ ತಿರುಗುವ ಸುರುಳಿ, ನಾವಿರುವುದು ಅಂಥದರಲ್ಲೇ. ನಡುವೆ ಅಡ್ಡಪಟ್ಟಿಯಿದ್ದು ಅದರ ತುದಿಯಿಂದ ತೋಳು ಹೊರಟರೆ ಅದು ಪಟ್ಟಿಸುರುಳಿ. ಯಾವ ಆಕಾರಕ್ಕೂ ಒಗ್ಗದವು ಕೊನೆಯವು.

ನನ್ನ ಓರಗೆಯ ಬೊಮ್ಮಿ ಕೇಳಿದಳು: “ಮಾಷೆ, ಇವುಕ್ಕೂ ಜಾತಿ ಉಂಟಾ? ಯಾವುದು ಮೇಲೆ?”

ಚಿಕ್ಕಪ್ಪ ಹಿಟ್ಟಿನ ಕೈ ಹಾಗೇ ಹಿಡಿದು ನಿಂತರು. “ಮೇಲೆ ಕೆಳಗೆ ಇಲ್ಲ ಬೊಮ್ಮಿ. ನೋಡಿ ತಿಳಿಯೋಕೆ ನಾವು ಮಾಡಿಕೊಂಡ ಗುಂಪು, ಅಷ್ಟೇ.”

ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಅಪ್ಪ ಇದನ್ನೆಲ್ಲ ಕೇಳುತ್ತಿದ್ದರು. ನಗುತ್ತಲೂ ಇದ್ದರು.

ಆ ವರ್ಷಗಳಲ್ಲಿ ಕಾಡಿನೊಳಗೆ ನಕ್ಸಲೀಯರು ಸೇರಿದ್ದಾರೆಂಬ ಸುದ್ದಿಯಿತ್ತು. ಗುಡಿಸಲಿನ ಜಾಗ ಅದರಲ್ಲಿ ವಾಸವಿರುವವರಿಗೇ ಸೇರಬೇಕೆಂಬ ಕಾನೂನೂ ಬಂದು, ಜಮೀನಿದ್ದವರ ಮನೆಗಳಲ್ಲಿ ಊಟ ರುಚಿಸದಂತಾಗಿತ್ತು. ಆಚೆ ಊರಿನ ಜಮೀನ್ದಾರರೊಬ್ಬರ ಮನೆಗೆ ನಕ್ಸಲೀಯರು ನುಗ್ಗಿದ ಸುದ್ದಿ ಬಂದ ಮೇಲೆ, ಒಂದು ಭಾನುವಾರ ಪೊಲೀಸ್ ಜೀಪು ನೇರ ಅಂಗಳಕ್ಕೇ ಬಂತು. ಮಕ್ಕಳು ಕಾಫಿ ಗಿಡಗಳ ನಡುವೆ ಚದುರಿ ಓಡಿದರು. ಇನ್‌ಸ್ಪೆಕ್ಟರು ಹಿಟ್ಟಿನ ಸುರುಳಿಗಳನ್ನು ತುಳಿದುಕೊಂಡೇ ಬಂದು ಅಪ್ಪನನ್ನು ಕೇಳಿದರು, ಈ ಕೂಲಿಯವರ ಮಕ್ಕಳನ್ನು ಸೇರಿಸಿಕೊಂಡು ನಿನ್ನ ತಮ್ಮ ಏನು ಕಲಿಸುತ್ತಾನೆ ಎಂದು.

ಒಂದು ಮಾತು ಸಾಕಿತ್ತು. ಆಕಾಶದ ಪಾಠ ಎಂದಿದ್ದರೆ ಸಾಕಿತ್ತು. ಅಪ್ಪ ಹೆಗಲ ಮೇಲಿನ ಟವೆಲು ಕೈಗಿಳಿಸಿ, “ನಂಗೆ ಗೊತ್ತಿಲ್ಲ ಸಾರೆ. ಅವನ ಸಹವಾಸ ನಂಗಿಲ್ಲ” ಎಂದರು. “ಅವನು ನನ್ನ ಮಗ” ಎಂದು ಅಜ್ಜಿ ಕೂಗಿಕೊಂಡದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಚಿಕ್ಕಪ್ಪ ಅಣ್ಣನನ್ನೇ ನೋಡುತ್ತ ಜೀಪು ಹತ್ತಿದರು.

ಹೆದರಿಕೆಯಿಂದ ಹಾಗೆಂದರು ಎಂದೇ ನಾನು ಕೆಲವು ದಿನ ನಂಬಿದ್ದೆ. ಆಮೇಲೆ ಅಪ್ಪ ಆ ಗುಡಿಸಲುಗಳನ್ನು ಕೀಳಿಸಿದರು. ಕಾನೂನು ಹಿಡಿದುಕೊಂಡು ಅವರ ಪರ ಮಾತಾಡಬಲ್ಲ ಒಬ್ಬನೇ ಒಬ್ಬ ಲಾಕಪ್ಪಿನಲ್ಲಿದ್ದ. ಕೀಳಿಸುವ ಹಿಂದಿನ ದಿನ ಬೊಮ್ಮಿಯ ಅಪ್ಪ ಬಂದು ಅಂಗಳದ ಕೆಳಗೇ ನಿಂತು, “ಕುಯ್ಲು ಮುಗಿಯೋವರ್ಗೂ ಆದ್ರೂ ಇರ್ತೀವಿ ಗೌಡ್ರೆ” ಎಂದು ಕೇಳಿಕೊಂಡ. ಅಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರೆಲ್ಲ ಮುತ್ತಂಗದ ಕಾಡಿನ ಕಡೆ ನಡೆದುಹೋದರು. ಬೊಮ್ಮಿಯ ತಲೆಯ ಮೇಲೆ ಒಂದು ಚಾಪೆಯ ಸುರುಳಿಯಿತ್ತು, ಕಂಕುಳಲ್ಲಿ ತಮ್ಮನಿದ್ದ.

ತಿಂಗಳುಗಳ ಮೇಲೆ ಚಿಕ್ಕಪ್ಪ ಬಿಡುಗಡೆಯಾಗಿ ಬಂದರು. ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ. ಶಾಲೆಯವರು ಮತ್ತೆ ಸೇರಿಸಿಕೊಳ್ಳಲಿಲ್ಲ. ಗದ್ದೆಯಂಚಿಗೆ ಹೋಗಿ ನೋಡಿ ಬಂದು, ಅಜ್ಜಿ ಬಡಿಸಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅಂದಿನಿಂದ ಹಿತ್ತಲ ಕೋಣೆಯಲ್ಲಿ ಬೇರೆ ಒಲೆ. ಎಡಗೈಯಲ್ಲಿ ಗಂಜಿ ಬೇಯಿಸಿಕೊಂಡು, ಒಂದೇ ಸೂರಿನ ಕೆಳಗೆ ಅಣ್ಣನ ಜೊತೆ ಒಂದು ಮಾತೂ ಆಡದೆ ಬದುಕಿದರು. ನಾನು ಮದುವೆಯಾಗಿ ಮುಳ್ಳನ್ಕೊಲ್ಲಿಗೆ ಹೋದ ವರ್ಷ ತೀರಿಕೊಂಡರು. ಹೆಣ ಎತ್ತುವಾಗ ಅಪ್ಪ ಹೆಗಲು ಕೊಡಲು ಬಂದರು. “ನೀನು ಮುಟ್ಟಬೇಡ” ಎಂದರು ಅಜ್ಜಿ.

ಬೊಮ್ಮಿ ಮತ್ತೆ ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ, ಕಲ್ಲೂರಿನ ಬಸ್‌ಸ್ಟಾಪಿನಲ್ಲಿ. ನಾನು ಗುರುತಿಸಲಿಲ್ಲ, ಅವಳೇ ಗುರುತಿಸಿದಳು. ಗಡಿಯಾಚೆಯ ತೋಟದಲ್ಲಿ ಕೂಲಿ, ಹಲ್ಲು ಹೋಗಿದ್ದವು. ಮಾಷು ಇಲ್ಲವೆಂದು ಹೇಳಿದೆ. ಅವಳು ರಸ್ತೆಯ ಕಡೆ ತಿರುಗಿ ಕೇಳಿದಳು:

“ನಮ್ಮ ಗುಡಿಸ್ಲಿದ್ದ ಜಾಗ್ದಲ್ಲಿ ಎಂತ ಮಾಡಿದ್ರಿ ಅಮ್ಮಾ? ಕಾಫಿಯಾ, ಮೆಣಸಾ?”

ಅಲ್ಲಿ ಅಪ್ಪ ಏನೂ ನೆಟ್ಟಿರಲಿಲ್ಲ. ಲಂಟಾನ ಮುಳ್ಳು ಬೆಳೆದು ಹಂದಿ ಮಲಗುವ ಜಾಗವಾಗಿತ್ತು. ಹಾಗೆಂದೇ ಹೇಳಿದೆ.

“ಏನೂ ನೆಡ್ಲಿಲ್ವಾ?” ಎಂದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಬಂದ ಬಸ್ಸು ಹತ್ತಿ, ನಾನು ನಿಂತ ಕಡೆಯ ಸೀಟು ಬಿಟ್ಟು ಆಚೆ ಬದಿಗೆ ಹೋಗಿ ಕುಳಿತಳು.