ಬಚ್ಚಲ ನೆರಳಿಗೆ ನಾನು ಆರಿಸಿದ ಗಿಡ

ತಾಂಡೂರಿನ ನಮ್ಮ ಮನೆಯ ಬಚ್ಚಲ ಹಿಂದೆ ಬಿಸಿಲು ಬೀಳದ ಒಂದು ಪಟ್ಟಿ ನೆಲವಿತ್ತು. ಸ್ನಾನದ ನೀರು ಕುಡಿದು ಅಲ್ಲಿ ಕೆಸು, ಓಣಿಯವರ ಮಾತಿನಲ್ಲಿ ಚಾಮಗಡ್ಡಿ, ಹುಲುಸಾಗಿ ಬೆಳೆಯುತ್ತಿತ್ತು. ಬಚ್ಚಲ ನೀರಿನ ಕೆಸುವನ್ನು ನಮ್ಮ ಓಣಿಯಲ್ಲಿ ಯಾರೂ ಕೇಳಿ ಕೀಳುತ್ತಿರಲಿಲ್ಲ. ಬೇಕಾದವರು ಬಂದು ಎಲೆ ಒಯ್ಯುತ್ತಿದ್ದರು.

ನಿಜಾಮರ ಆಳ್ವಿಕೆಯ ದಿನಗಳವು. ಹೈದರಾಬಾದಿನ ಕಾಲೇಜಿನಲ್ಲಿ ಓದುತ್ತಿದ್ದ ನನಗೆ ಆ ಕೆಸು ನೋಡಿದರೆ ನಾಚಿಕೆಯಾಗುತ್ತಿತ್ತು. ಒಂದು ರಜೆಗೆ ಊರಿಗೆ ಹೊರಟಾಗ ಅಲ್ಲಿನ ಬಂಗಲೆಯೊಂದರ ಮಾಲಿಯನ್ನು ನೆರಳಿಗೆ ಒಗ್ಗುವ ಗಿಡ ಕೇಳಿದೆ. ಕ್ರೋಟನ್ನಿಗೆ ಬೆಳಕು ಸಾಲದೆ ಬಣ್ಣ ಹೋಗುತ್ತದೆ, ಜರಿಗಿಡ ನಿಮ್ಮ ಬೇಸಿಗೆಗೆ ಸುಟ್ಟುಹೋಗುತ್ತದೆ ಎಂದ. ಕೊನೆಗೆ ನಾನು ಆರಿಸಿದ್ದು ಬಿಳಿ ನರಗಳ ಅಗಲ ಎಲೆಯದು. ಆಕಾರ ಥೇಟ್ ಕೆಸುವಿನದೇ. ಇದು ನೋಡಲಿಕ್ಕೆ ಮಾತ್ರ, ತಿಂದರೆ ಗಂಟಲು ಬಾಯುತ್ತದೆ ಎಂದು ಮಾಲಿ ಎರಡು ಸಲ ಹೇಳಿದ. ಮನೆಯಲ್ಲಿ ನಾನು ಅದನ್ನು ಹೇಳಲಿಲ್ಲ. ಹೇಳಿದ್ದರೆ ಅವ್ವ ಗಿಡ ನೆಡಲು ಬಿಡುತ್ತಿರಲಿಲ್ಲ.

ಕೆಸು ಕಿತ್ತು ಅದನ್ನು ನೆಟ್ಟೆ. ಗಿಡ ತುಂಬಿಕೊಂಡ ಮೇಲೆ, ಮುಂದಿನ ರಜೆಯ ಒಂದು ಮಧ್ಯಾಹ್ನ, ಕುರಿ ಸಾಕುವ ಪಕ್ಕದ ಮನೆಯ ಮುದುಕಿ ಹಿತ್ತಲಿಗೆ ಬಂದಳು.

"ಕಾಲೇಜ್ ಕಲ್ತು ಎಲಿಗೂ ಸುಣ್ಣ ಹಚ್ಚೀರೇನ್ರಿ ಧಣಿ?"

ಪುಸ್ತಕದಿಂದ ತಲೆ ಎತ್ತದೆ ನಕ್ಕೆ. ಅವಳು ನಾಲ್ಕು ಎಲೆ ಕಿತ್ತುಕೊಂಡು ಹೋದದ್ದು ನನಗೆ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಅವರ ಮನೆಯಿಂದ ಚೀರಾಟ ಕೇಳಿ ಓಡಿದೆ. ಎಲೆಗೆ ಕಡಲೆಹಿಟ್ಟು ಸವರಿ ಬೇಯಿಸಿದ ಸುರುಳಿಯನ್ನು ಸೊಸೆ ರುಚಿ ನೋಡಿದ್ದಳು. ನಾಲಿಗೆ ಬಾತು ಬಾಯೊಳಗೆ ಹಿಡಿಯುತ್ತಿರಲಿಲ್ಲ. ಉಸಿರು ಸಿಳ್ಳೆಯಂತೆ ಎಳೆಯುತ್ತಿತ್ತು.

"ಏನ್ ತಿಂದಾಳ?" ಎಂದರು, ಯಾರೋ ಓಡಿಹೋಗಿ ಕರೆತಂದ ಹಕೀಮರು.

"ಚಾಮಗಡ್ಡಿ ಎಲಿರಿ, ಯಾವಾಗ್ಲೂ ತಿನ್ನೋದೇ," ಎಂದಳು ಮುದುಕಿ.

ಕೆಸು ತುರಿಸಿದೆಯೆಂದು ಹಕೀಮರು ಹುಣಸೆನೀರು ಕುಡಿಸತೊಡಗಿದರು. ಸೊಸೆಗೆ ನುಂಗಲಾಗಲಿಲ್ಲ, ನೀರು ಮೂಗಿಗೇರಿ ಮುಖ ಕಪ್ಪಿಟ್ಟಿತು. ಬಾಗಿಲಲ್ಲಿ ನಿಂತಿದ್ದ ನಾನು ಅಷ್ಟು ಹೊತ್ತೂ ಬಾಯಿ ಬಿಡಲಿಲ್ಲ. ಆಮೇಲೆ, ಆಗಷ್ಟೇ ಹೊಳೆದವನಂತೆ, "ಅದು ಕೆಸು ಅಲ್ಲ, ಬೇರೆ ಗಿಡ" ಎಂದೆ. ಹಕೀಮರು ಬಟ್ಟಲು ಕೆಳಗಿಟ್ಟು ಅವಳನ್ನು ನೆಟ್ಟಗೆ ಕೂರಿಸಿದರು. ತಣ್ಣನೆಯ ಹಾಲಿನಲ್ಲಿ ಅರಿವೆ ಅದ್ದಿ ನಾಲಿಗೆಯ ಮೇಲಿಟ್ಟರು. ಸಂಜೆಯ ಹೊತ್ತಿಗೆ ಉಸಿರು ತಹಬಂದಿಗೆ ಬಂತು. ಆ ಸಿಳ್ಳೆ ಇಂದಿಗೂ ನನ್ನ ಕಿವಿ ಬಿಟ್ಟಿಲ್ಲ.

ಮೂರನೆಯ ದಿನ ಮುದುಕಿ ಬಂದು ಕೈ ಮುಗಿದಳು. "ನಂದೇ ತಪ್ಪರಿ. ಕೇಳದೇ ಕಿತ್ತೀನಿ."

ಮಾಲಿ ಹೇಳಿದ್ದು ನನಗೆ ಗೊತ್ತಿತ್ತೆಂದು ಆಗಲಾದರೂ ಹೇಳಬಹುದಿತ್ತು.

"ಇನ್ನ ಮ್ಯಾಲೆ ಕೇಳಿ ಒಯ್ಯವ್ವ," ಎಂದೆ.