ದುಮಾಳ ಅಕ್ಕ ಫೋನ್ ಎತ್ತಲಿಲ್ಲ

"ನಿನ್ನ ಫೋನಿಂದ ಒಂದ್ಸಲ ಟ್ರೈ ಮಾಡ್ತೀಯಾ?"

ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದರೆ ಪಕ್ಕದ ಮನೆಯ ದುಮಾ ನಿಂತಿದ್ದಳು. ಮೈಮೇಲೆ ಡ್ಯೂಟಿಯ ಯೂನಿಫಾರ್ಮ್, ಕಾಲಿಗೆ ಮನೆಯ ಚಪ್ಪಲಿ. ತಲೆ ಬಾಚಿರಲಿಲ್ಲ. ಅವಳ ಫೋನ್ ಕೆಟ್ಟಿರಲಿಲ್ಲ, ಕೈಯಲ್ಲೇ ಇತ್ತು. ಆದರೂ ನನ್ನದನ್ನು ಕೇಳಿದಳು. ನಾನೂ ಯಾಕೆ ಏನು ಎನ್ನದೆ ಕೊಟ್ಟೆ. (ಮನೆಯವರು ಬರುವುದು ತಡವಾದಾಗ ನೀವೂ ಹೀಗೆ ಮಾಡಿಲ್ಲವೇ? ನಮ್ಮ ಫೋನಿಗೆ ಸಿಗದವರು ಇನ್ನೊಬ್ಬರ ಫೋನಿಗೆ ಸಿಕ್ಕಾರು ಎಂಬ ಆಸೆ.)

ಸಿಗಲಿಲ್ಲ. ರಿಂಗ್ ಕೂಡ ಆಗಲಿಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ಒಬ್ಬ ಹೆಂಗಸು ರೆಕಾರ್ಡ್ ಮಾಡಿಟ್ಟ ಏನೋ ಹೇಳಿದಳು. ಅದೊಂದು ಮಾತು ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ.

ದುಮಾ ಇಂಡೋನೇಷ್ಯಾದ ಸುಮಾತ್ರಾ ದ್ವೀಪದವಳು, ಬಟಕ್ ಎಂಬ ಸಮುದಾಯದವಳು. ಇಲ್ಲಿ ಐರ್ಲೆಂಡಿನ ಸ್ವೋರ್ಡ್ಸ್ ಎಂಬ ಊರಿನ ಕೇರ್ ಹೋಮ್ ಒಂದರಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತಾಳೆ. ಅವಳು ಚರ್ಚಿಗೆ ಹೋಗುವವಳು, ನಾನು ನಮಾಜು ಮಾಡುವವಳು. ಹಸಿಮೆಣಸಿನಕಾಯಿ ಸಾಲ ಕೇಳಿಕೊಂಡು ಶುರುವಾದ ಗೆಳೆತನ. ನಾವು ಮಾತಾಡುವುದು ಇಂಗ್ಲಿಷಿನಲ್ಲೇ. ಆದರೆ ಅವಳ ಮಾತು ಅದು ಹೇಗೋ ನನ್ನ ಕಿವಿಗೆ ಕನ್ನಡವಾಗಿಯೇ ಬೀಳುತ್ತದೆ.

ಅವಳ ಊರನ್ನು ನಾನು ಕಂಡಿಲ್ಲ. ಆದರೆ ದಾರಿ ಹೇಳಬಲ್ಲೆ, ಅಷ್ಟು ಕೇಳಿದ್ದೇನೆ. ಎಂದೋ ಜ್ವಾಲಾಮುಖಿ ಸಿಡಿದು ಬಿದ್ದ ದೊಡ್ಡ ಗುಂಡಿಯಲ್ಲಿ ನೀರು ತುಂಬಿ ಸಮುದ್ರದಂಥ ಸರೋವರವಾಗಿದೆ. ದಡದಲ್ಲಿ ಇವಳ ಊರು. ಊರಿನ ಬೆನ್ನಿಗೆ ಗೋಡೆಯ ಹಾಗೆ ಎದ್ದುನಿಂತ ಬೆಟ್ಟ. ನಡುವಿನ ಇಷ್ಟಗಲ ಜಾಗದಲ್ಲಿ ಈರುಳ್ಳಿ ಹೊಲ, ಕಾಫಿ ಗಿಡ, ಕೆಂಪು ಗೋಪುರದ ಚರ್ಚು, ಎರಡು ಸಾಲು ಮನೆ. ಮನೆಯ ಮಾಡು ಎರಡೂ ತುದಿಗೆ ಕೋಣದ ಕೊಂಬಿನಂತೆ ಮೇಲೆದ್ದಿರುತ್ತದೆ. ನೀರಿನಲ್ಲಿ ಬಲೆ ಕಟ್ಟಿ ಮೀನು ಸಾಕುತ್ತಾರೆ. ಮನೆ ಹಿಂದೆ ಹಂದಿಗೂಡು. (ಅದನ್ನು ಹೇಳುವಾಗೆಲ್ಲ ನನ್ನ ಮುಖ ನೋಡಿ "ಸಾರಿ ಸಾರಿ" ಅನ್ನುತ್ತಾಳೆ. ನೀನು ಸಾಕಿದ್ದಕ್ಕೆ ನನಗೇಕೆ ಸಾರಿ?)

ಅವರಲ್ಲಿ ಸೋದರಮಾವನಿಗೆ ತುಲಾಂಗ್ ಎನ್ನುತ್ತಾರೆ. ಸೋದರಮಾವನ ಮಗಳನ್ನು ತರುವುದು ಅಲ್ಲೂ ಹಳೆಯ ಪದ್ಧತಿಯಂತೆ. ಅದನ್ನು ಕೇಳಿದ ದಿನ ನಾನು ಕುರ್ಚಿಯಿಂದ ಎದ್ದುನಿಂತಿದ್ದೆ. ಇಷ್ಟು ದೂರದ ಜನ ನಮ್ಮ ಪಕ್ಕದ ಬೀದಿಯವರಾಗಿಬಿಟ್ಟಿದ್ದರು.

ಆ ಊರಿನಲ್ಲಿ ಈಗ ಇರುವುದು ಅವಳ ಅಕ್ಕ ತಿಯೂರ್. ತಾಯಿ ಬೇಗ ಹೋದದ್ದರಿಂದ ದುಮಾಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಆ ಅಕ್ಕನೇ. ಮದುವೆಯಾಗಲಿಲ್ಲ. ಈರುಳ್ಳಿ ಬೆಳೆಯುತ್ತಾಳೆ, ಮೀನು ಸಾಕುತ್ತಾಳೆ, ತಂಗಿಗೆ ದಿನಾ ವಾಯ್ಸ್ ಮೆಸೇಜಿನಲ್ಲಿ ಬೈಯುತ್ತಾಳೆ.

ಆ ವಾರ ಅಲ್ಲಿ ಬಿಡದೆ ಮಳೆ. ಬೆಟ್ಟದ ತಲೆಯ ಮೇಲಿನ ಕಾಡು ಕಡಿದು ವರ್ಷಗಳೇ ಆಗಿವೆ. ಮಣ್ಣು ಜರಿಯಿತು. ರಸ್ತೆ ಹೋಯಿತು, ಕರೆಂಟ್ ಹೋಯಿತು, ಟವರ್ ಹೋಯಿತು. ಅಕ್ಕನ ಕೊನೆಯ ಮೆಸೇಜು ಸೋಮವಾರದ್ದು: "ಹಿಂದಿನ ತೊರೆ ಕೆಂಪಾಗಿದೆ, ಸದ್ದು ಜಾಸ್ತಿ." ಅಷ್ಟೇ. ಆಮೇಲೆ ಬೈಗುಳವೂ ಇಲ್ಲ.

ವಾಟ್ಸಾಪಿನಲ್ಲಿ "ಲಾಸ್ಟ್ ಸೀನ್" ಎಂಬ ಎರಡು ಪದಗಳಿವೆಯಲ್ಲ, ಅವನ್ನು ಬರೆದವನಿಗೆ ತಾನೇನು ಬರೆಯುತ್ತಿದ್ದೇನೆಂದು ಗೊತ್ತಿತ್ತೇ?

ದುಮಾ ಕೆಲಸಕ್ಕೆ ಹೋದಳು. ಕೇರ್ ಹೋಮಿನ ಅಜ್ಜ ಅಜ್ಜಿಯರಿಗೆ ಊಟ ಮಾಡಿಸಬೇಕಲ್ಲ. ನಾನು ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡುತ್ತಿರುವಂತೆ ನಟಿಸಿದೆ. ಸ್ಕ್ರೀನಿನ ಕೆಳಗೊಂದು ಕಿಟಕಿಯಲ್ಲಿ ಆ ಸರೋವರದ ಹೆಸರು ಹಾಕಿ ಹುಡುಕುತ್ತಲೇ ಇದ್ದೆ. ವಿಡಿಯೊಗಳಿಗೇನು ಬರ? ಒಂದರಲ್ಲಿ ಕೊಚ್ಚಿಹೋದ ಸೇತುವೆ ಬೇರೆ ಯಾವುದೋ ದೇಶದ್ದು. ಇನ್ನೊಂದರಲ್ಲಿ ಹಿನ್ನೆಲೆ ಸಂಗೀತ! ಮನೆ ಬೀಳುವುದಕ್ಕೂ ಸಂಗೀತ ಬೇಕೇ?

ಬುಧವಾರ ಸಂಜೆ ಚಪಾತಿ ಮಾಡಿ ಕರೆದೆ. ಬಂದಳು, ತಿನ್ನಲಿಲ್ಲ. "ಡ್ಯೂಟಿಯಲ್ಲಿ ಎಲ್ಲರೂ ಶಿ ವಿಲ್ ಬಿ ಗ್ರ್ಯಾಂಡ್ ಅಂತಾರೆ," ಅಂದಳು. ಗ್ರ್ಯಾಂಡ್ ಅಂದರೆ ಇಲ್ಲಿ ಏನೂ ಆಗಲ್ಲ, ಎಲ್ಲ ಸರಿಹೋಗುತ್ತೆ ಎಂದು. ಐರ್ಲೆಂಡಿನಲ್ಲಿ ಜ್ವರಕ್ಕೂ ಗ್ರ್ಯಾಂಡ್, ಬಸ್ ತಪ್ಪಿದರೂ ಗ್ರ್ಯಾಂಡ್. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನಾನೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ಮುಚ್ಚಿಕೊಂಡೆ.

ಆಗಲೇ ಅವಳ ಫೋನಿಗೆ ಒಂದು ವಿಡಿಯೊ ಬಂತು. ಸರೋವರದಲ್ಲಿ ಹೋಗುವ ಫೆರ್ರಿಯಿಂದ ಯಾರೋ ತೆಗೆದದ್ದು. ಕಾಫಿ ಬಣ್ಣದ ನೀರು, ತೇಲುವ ಮರದ ದಿಮ್ಮಿಗಳು, ದೂರದಲ್ಲಿ ದಡ.

"ನಿಲ್ಸು, ನಿಲ್ಸು," ಅಂದಳು, ಫೋನ್ ಅವಳ ಕೈಯಲ್ಲೇ ಇದ್ದರೂ. ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ಕೆಂಪು ಗೋಪುರ. ಅದರ ಬಲಕ್ಕೆ ಕೊಂಬಿನ ಮಾಡುಗಳು. ಎಡಕ್ಕೆ ಬೆಟ್ಟದಿಂದ ನೀರಿನವರೆಗೆ ಅಗಲವಾದ ಮಣ್ಣಿನ ಪಟ್ಟೆ.

"ನಮ್ಮನೆ ಎಡಗಡೆ," ಅಂದಳು.

"ಬೇರೆ ಊರಿರ್ಬೋದು ಕಣೆ. ಚರ್ಚುಗಳೆಲ್ಲಾ ಒಂದೇ ಥರ ಇರ್ತವೆ," ಅಂದೆ.

"ನಮ್ಮೂರು ನನಗೆ ಗೊತ್ತಾಗಲ್ವಾ?"

ನನ್ನ ಗಂಡ ಇರ್ಫಾನ್ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಬಂದು ಅವಳ ಮುಂದಿನ ಆರಿದ ಟೀ ತೆಗೆದು ಬಿಸಿ ಟೀ ಇಟ್ಟರು. ನಮ್ಮಿಬ್ಬರಲ್ಲಿ ತಿಳಿವಳಿಕೆ ಅವರಿಗೇ ಹೆಚ್ಚಿತ್ತು.

ಗುರುವಾರ ಏನೂ ಇಲ್ಲ. ಅದರ ಬಗ್ಗೆ ಬರೆಯಲೂ ಏನೂ ಇಲ್ಲ.

ಶುಕ್ರವಾರ ಮಧ್ಯಾಹ್ನ ದುಮಾ ರಜೆ ಹಾಕಿ ನಮ್ಮ ಸೋಫಾದಲ್ಲಿ ಕೂತಿದ್ದಳು. ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಕಟ್ ಮಾಡಿದಳು. ಮತ್ತೆ ಬಂತು. ಮತ್ತೆ ಕಟ್! "ಸ್ಕ್ಯಾಮ್," ಅಂದಳು. ನಿಮ್ಮ ಪಾರ್ಸೆಲ್ ಬಂದಿದೆ, ನಿಮ್ಮ ಅಕೌಂಟ್ ಬ್ಲಾಕ್ ಆಗಿದೆ ಎಂದು ದಿನವಿಡೀ ಕಾಡುವವರಿಂದ ನಮ್ಮ ಬೆರಳಿಗೆ ಅದೇ ಅಭ್ಯಾಸವಾಗಿಬಿಟ್ಟಿದೆ.

"ಎತ್ತೇ ಮಾರಾಯ್ತಿ!" ನಾನು ಕೂಗಿದ್ದು ಬೀದಿಗೆ ಕೇಳಿಸಿರಬೇಕು.

ಮೂರನೆಯ ಸಲ ಎತ್ತಿದಳು. ಆ ಕಡೆಯಿಂದ ಒಂದು ಹೆಣ್ಣುದನಿ ಬೈಯತೊಡಗಿತು. ಫೋನ್ ಯಾಕೆ ಕಟ್ ಮಾಡುತ್ತೀ ಎಂದು ಬೈದದ್ದು ಅಂತ ಆಮೇಲೆ ಗೊತ್ತಾಯಿತು. ದುಮಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಳುತ್ತಾ ನನಗೆ ತುಣುಕು ತುಣುಕಾಗಿ ಹೇಳಿದಳು.

ಬೆಟ್ಟದೊಳಗೆ ಗುಡುಗಿನಂಥ ಸದ್ದು ಶುರುವಾದಾಗ ಓಡಲು ಅವರಿಗೆ ಉಳಿದದ್ದು ಒಂದೇ ದಿಕ್ಕು. ನೀರು. ಊರಿನವರು ಸಿಕ್ಕ ಸಿಕ್ಕ ದೋಣಿ ಹತ್ತಿ ಸರೋವರದ ಒಳಕ್ಕೆ ಹೋದರು. ಮಕ್ಕಳು, ಮುದುಕರು, ಒಂದು ಹೊಲಿಗೆ ಮಷೀನು. ದೋಣಿಗಳನ್ನು ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ಮಳೆಯಲ್ಲಿ ಕೂತು, ತಮ್ಮ ಮನೆಗಳ ಮೇಲೆ ಬೆಟ್ಟ ಇಳಿಯುವುದನ್ನು ನೋಡಿದರು. ತಿಯೂರಳ ಮನೆ ಹೋಯಿತು. ತಿಯೂರ್ ಉಳಿದಳು. ಈಗ ಮನೆ ಕಳೆದುಕೊಂಡವರೆಲ್ಲ ಚರ್ಚಿನಲ್ಲಿದ್ದಾರೆ. ಫೆರ್ರಿಯವನೊಬ್ಬ ಫೋನ್ ಕೊಟ್ಟಿದ್ದಾನೆ.

"ಎಲ್ಲರೂ ಬಂದ್ರಾ?" ದುಮಾ ಕೇಳಿದಳಂತೆ.

ಎಲ್ಲರೂ ಬಂದಿರಲಿಲ್ಲ. ಪಕ್ಕದ ಮನೆಯ ತುಲಾಂಗ್ (ಅವಳ ಸೋದರಮಾವ), ಅವಳಿಗೆ ಈಜು ಕಲಿಸಿದವರು, ದೋಣಿಯಲ್ಲಿ ಕೂತಿದ್ದವರು ಹಂದಿಗಳ ಬಾಗಿಲು ತೆರೆದು ಬರುತ್ತೇನೆಂದು ಇಳಿದು ಹೋದರು. ಹಂದಿಗಳು ಬಂದವು.

ಭಾನುವಾರ ವಿಡಿಯೊ ಕಾಲ್ ಸಿಕ್ಕಿತು. ತಿಯೂರಳನ್ನು ಮೊದಲ ಸಲ ನೋಡಿದೆ. ದುಮಾಳದೇ ಮುಖ, ಇನ್ನೂ ಸ್ವಲ್ಪ ಬಿಸಿಲು ಕಂಡದ್ದು. ಅವಳ ಹಿಂದೆ ಗಂಡಸರು ಮಣ್ಣು ತೆಗೆಯುತ್ತಿದ್ದರು. ಅದೇ ಜಾಗದಲ್ಲಿ ಮತ್ತೆ ಮನೆ! ಆಕಾಶ ಕಪ್ಪಾಗಿತ್ತು. ಬೆಟ್ಟ ಅಲ್ಲೇ ಇತ್ತು, ಮೈಯೆಲ್ಲ ಗಾಯ ಮಾಡಿಕೊಂಡು. ನನಗೆ ಆ ಗಂಡಸರನ್ನು ಓಡಿ ಎಂದು ಕೂಗಬೇಕೆನ್ನಿಸಿತು.

ದುಮಾಗೆ ರೇಗಿತು. ಅಕ್ಕ ತಂಗಿ ಕಿತ್ತಾಡಿದರು. ನಂತರ ದುಮಾ ನನಗೆ ಇಂಗ್ಲಿಷಿನಲ್ಲಿ ಹೇಳಿದಳು.

"ಅಲ್ಲಿರಬೇಡ, ಪೇಟೆಗೆ ಹೋಗು, ಇಲ್ಲಾ ಇಲ್ಲಿಗೇ ಬಾ ಅಂದೆ. ಅಲ್ಲಿಗೆ ಬಂದು ಸತ್ರೆ ನನ್ನ ಎಲ್ಲಿ ಇಡ್ತೀಯಾ ಅಂತ ಕೇಳ್ತಾಳೆ."

ಬಟಕರು ಸತ್ತವರಿಗೆ ಹೊಲದ ಪಕ್ಕದಲ್ಲೇ ಸಿಮೆಂಟಿನ ಸಮಾಧಿ ಕಟ್ಟುತ್ತಾರೆ. ಕೆಲವೊಮ್ಮೆ ಬದುಕಿರುವವರ ಮನೆಗಿಂತ ಚೆನ್ನಾಗಿ. ತಂದೆ ತಾಯಿಯ ಸಮಾಧಿಗೆ ಮಣ್ಣು ತಾಗಿಲ್ಲವಂತೆ. ಅದನ್ನು ಬಿಟ್ಟು ತಿಯೂರ್ ಬರುವುದಿಲ್ಲ.

"ನೀನೇನಂದೆ?" ಎಂದೆ.

"ಏನನ್ಲಿ? ಆಮೇಲೆ ನನ್ನನ್ನೇ ಕೇಳಿದ್ಲು. ಹೋಗ್ಲಿ ಬಿಡು, ನಿನ್ನ ಎಲ್ಲಿ ಇಡ್ತಾರೆ ಅಂತ."

ಮನೆ ಲೋನು, ಪೆನ್ಷನ್ನು, ಮಗಳ ಕಾಲೇಜು, ಎಲ್ಲದಕ್ಕೂ ಪ್ಲಾನ್ ಇರುವವಳು ನಾನು. ಇದಕ್ಕಿಲ್ಲ. ಬೆಂಗಳೂರಿನಲ್ಲಿ ಅಬ್ಬಾ ಅಮ್ಮಿ ಇಬ್ಬರೂ ಅಕ್ಕಪಕ್ಕ ಮಲಗಿದ್ದಾರೆ. ನಮ್ಮಲ್ಲಿ ಆದಷ್ಟು ಬೇಗ ಮಣ್ಣು ಮಾಡಬೇಕು, ಬೆಂಗಳೂರಿನವರೆಗೆ ಒಯ್ಯುವವರು ಯಾರು?

ಸಂಜೆ ಇರ್ಫಾನ್ ಅವರನ್ನು ಕೇಳಿದೆ: "ರೀ, ನಮ್ಮನ್ನ ಎಲ್ಲಿ ಮಣ್ಣು ಮಾಡ್ತಾರೆ?"

ಅವರು ಟಿವಿಯ ವಾಲ್ಯೂಮ್ ಜಾಸ್ತಿ ಮಾಡಿದರು. ನಿಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದಾರೆಯೇ?